ಸಹಾಯ ಬೇಕು: ಪೂಜೆ ನಿಲ್ಲಿಸಿದ ಕಾರಣವನ್ನು ಹೇಗೆ ಕೇಳುವುದು?

ಎಲ್ಲರಿಗೂ ನಮಸ್ಕಾರ. ನಾನು ಕೋಲಾರ ಜಿಲ್ಲೆ, ಬಂಗಾರಪೇಟೆ ಕಡೆಯ ಹಳ್ಳಿಯವಳು. ನಮ್ಮದು ಕಥೋಲಿಕ ಕುಟುಂಬ. ನಮ್ಮೂರಿನ ಪುಟ್ಟ ಚರ್ಚಿನಲ್ಲಿ ಭಾನುವಾರ ಕನ್ನಡದಲ್ಲಿ ಪೂಜೆ ಇರುತ್ತಿತ್ತು. ಈಸ್ಟರ್ ಆದ ಮೇಲೆ ನಿಲ್ಲಿಸಿದರು. ಇನ್ನು ಮುಂದೆ ಟೌನಿಗೆ ಬನ್ನಿ ಅಂತ ಒಂದು ಪ್ರಕಟಣೆ ಓದಿದರು, ಅಷ್ಟೇ. ಯಾಕೆ ಅಂತ ಕೇಳಿದರೆ "ಮೇಲಿನವರ ತೀರ್ಮಾನ" ಅನ್ನುತ್ತಾರೆ. ಬೆಳಗ್ಗೆ ಸರಿಯಾದ ಬಸ್ಸಿಲ್ಲ. ಮಂಡಿನೋವಿನ ಅಜ್ಜಿಯರು ಮನೆಯಲ್ಲೇ ಜಪಸರ ಹಿಡಿದು ಕೂರುತ್ತಾರೆ. ನೋಡಿದರೆ ಕರುಳು ಚುರ್ ಅನ್ನುತ್ತದೆ.

ಫಾದರ್ ಮೇಲೆ ನನಗೆ ಗೌರವ ಇದೆ. ಗುರುಗಳ ಕೊರತೆ ಇರಬಹುದು. ಯಾರದೋ ಮಾನ ಕಾಪಾಡಲು ಕೆಲವು ವಿಷಯ ಹೇಳಲಾಗದೆಯೂ ಇರಬಹುದು. ಹಾಗಿದ್ದರೆ "ಹೇಳಲು ಆಗುವುದಿಲ್ಲ" ಎಂದಾದರೂ ಹೇಳಬಹುದಲ್ವಾ? ನಂಬಿಕೆ ಕೇಳುವವರು ಅಷ್ಟಾದರೂ ಕೊಡಬೇಕು ಅನ್ನಿಸುತ್ತದೆ.

ಗುರುಗಳನ್ನು ಪ್ರಶ್ನೆ ಮಾಡಬಾರದು ಅನ್ನುತ್ತಾರೆ ಅಮ್ಮ. ಆದರೆ ಕಥೋಲಿಕ ಧರ್ಮಸಭೆಯ 1983ರ ಕಾನೂನಿನ 212ನೇ ವಿಧಿ, ಗೌರವದಿಂದ ಅಭಿಪ್ರಾಯ ತಿಳಿಸುವುದು ಭಕ್ತರ ಹಕ್ಕು, ಕೆಲವೊಮ್ಮೆ ಕರ್ತವ್ಯವೂ ಹೌದು ಎನ್ನುತ್ತದೆ. ಬೈಬಲಿನಲ್ಲೂ ವಿಧವೆಯರಿಗೆ ದಿನದ ಊಟ ಹಂಚುವಾಗ ದೂರು ಬಂದಾಗ, ಪ್ರೇಷಿತರು, ಅಂದರೆ ಯೇಸುವಿನ ಆಪ್ತ ಶಿಷ್ಯರು, ಎಲ್ಲರನ್ನೂ ಕರೆದು, ಕಾರಣ ಹೇಳಿ, ಏಳು ಜನರನ್ನು ನೀವೇ ಆರಿಸಿ ಎಂದರು.

ಪತ್ರ ಬರೆಯಬೇಕು ಅಂತಿದ್ದೇವೆ. ಮೊದಲು ಫಾದರ್‌ಗೆ ಕೊಡಬೇಕಾ, ನೇರವಾಗಿ ಬೆಂಗಳೂರಿಗೆ ಆರ್ಚ್‌ಬಿಷಪ್ ಅವರಿಗೆ ಕಳಿಸಬಹುದಾ? ಊರಿನವರೆಲ್ಲ ಸಹಿ ಹಾಕಿದರೆ ಜಗಳಕ್ಕೆ ಬಂದರು ಅಂದುಕೊಳ್ಳುತ್ತಾರಾ? ತಿಂಗಳಿಗೆ ಒಂದು ಪೂಜೆಯಾದರೂ ಸಿಕ್ಕರೆ ಸಾಕು. ಹೀಗೆ ಬರೆದು ಉತ್ತರ ಪಡೆದವರು ಇದ್ದರೆ, ದಯವಿಟ್ಟು ಪತ್ರದ ಒಕ್ಕಣೆ ಹೇಗಿತ್ತು ಅಂತ ತಿಳಿಸಿ.