ಗೆಳತಿ ಊರಿನಲ್ಲಿ ಕಾಯಿಲೆಯಿಂದ ಮಲಗಿದ್ದಾಳೆ, ನಾವು ಉಗಾಂಡದ ಸೇವೆಯಲ್ಲಿದ್ದೇವೆ: ಈಗಲೇ ಹೊರಟು ಬರಬೇಕೇ?

ಪ್ರಶ್ನೆ (ಹಾಸನದ ಶಿಕ್ಷಕಿ, ಈಗ ಉಗಾಂಡದಲ್ಲಿ)

ಎಲ್ಲರಿಗೂ ವಂದನೆಗಳು. ನಾನು ಹಾಸನದವಳು. ನಾನೂ ನನ್ನ ಯಜಮಾನರೂ ಆರು ವರ್ಷಗಳಿಂದ ಪೂರ್ವ ಉಗಾಂಡದ ಒಂದು ಸಣ್ಣ ಪಟ್ಟಣದಲ್ಲಿ ಮಿಷನರಿಗಳಾಗಿದ್ದೇವೆ. ನಾನು ಮಿಷನ್ ಶಾಲೆಯಲ್ಲಿ ಪಾಠ ಹೇಳುತ್ತೇನೆ, ಅವರು ಹುಡುಗರಿಗೆ ಮರಗೆಲಸ ಕಲಿಸುತ್ತಾರೆ. ಅದೇ ಆವರಣದ ಕ್ಲಿನಿಕ್ಕಿನಲ್ಲಿ ನರ್ಸ್ ಆಗಿದ್ದವಳು ಮೂಡಿಗೆರೆ ಕಡೆಯ ನನ್ನ ಗೆಳತಿ. ಅವಳಿಗೆ ಮದುವೆಯಾಗಿಲ್ಲ. ಆರು ವರ್ಷ ನಾವು ಒಂದೇ ಒಲೆಯ ಅಡುಗೆ ಉಂಡವರು. ನನ್ನ ಮಗಳು ಹುಟ್ಟಿದಾಗ ಬಾಣಂತನ ಮಾಡಿದವಳೂ ಅವಳೇ.

ಮಾರ್ಚ್ ತಿಂಗಳಲ್ಲಿ ಅವಳ ಎದೆಯಲ್ಲಿ ಗಂಟು ಕಾಣಿಸಿಕೊಂಡಿತು. ಕಂಪಾಲದ ಮುಲಾಗೊದಲ್ಲಿ 1967ರಿಂದ ನಡೆಯುತ್ತಿರುವ ಉಗಾಂಡ ಕ್ಯಾನ್ಸರ್ ಸಂಸ್ಥೆಗೆ ಕರೆದುಕೊಂಡು ಹೋದೆವು. ಬಯಾಪ್ಸಿಯ ವರದಿ ಬಂದ ದಿನ ಅವಳು ಅದನ್ನು ತಾನೇ ಓದಿ, ನಾಲ್ಕು ಮಡಿಕೆ ಮಾಡಿ ಕೈಚೀಲದಲ್ಲಿಟ್ಟುಕೊಂಡು, ಗುರುವಾರದ ಲಸಿಕೆಗೆ ಐಸ್ ಡಬ್ಬಿ ತೊಳೆದಿಡಲು ಯಾರಿಗಾದರೂ ಹೇಳಬೇಕು ಎಂದಳು. ಆಗ ನನಗೆ ಅಳು ತಡೆಯಲಾಗಲಿಲ್ಲ, ಅವಳು ಅಳಲಿಲ್ಲ.

ಚಿಕಿತ್ಸೆ ತಿಂಗಳುಗಟ್ಟಲೆ ನಡೆಯುವಂಥದ್ದು, ಹತ್ತಿರ ನೋಡಿಕೊಳ್ಳುವವರು ಬೇಕು ಎಂಬ ಕಾರಣಕ್ಕೆ ಮಿಷನ್‌ನವರು ಅವಳನ್ನು ಊರಿಗೆ ಕಳುಹಿಸಿದರು. ಬೆಂಗಳೂರಿನಲ್ಲಿ ಶಸ್ತ್ರಚಿಕಿತ್ಸೆ ಆಯಿತು, ಈಗ 21 ದಿನಗಳಿಗೊಮ್ಮೆ ಕೀಮೋ ನಡೆಯುತ್ತಿದೆ. ನಡುವಿನ ದಿನಗಳಲ್ಲಿ ಅವಳು ಮೂಡಿಗೆರೆಗೂ ಸಕಲೇಶಪುರಕ್ಕೂ ನಡುವೆ ಇರುವ ಅಣ್ಣನ ತೋಟದ ಮನೆಯಲ್ಲಿರುತ್ತಾಳೆ. ನಮ್ಮ ಅವಧಿ ಮುಗಿಯುವುದು ಮುಂದಿನ ಮಾರ್ಚ್‌ಗೆ. ಈಗಲೇ ಬಿಟ್ಟು ಬಂದರೆ ಶಾಲೆಗೆ ಬೇರೆ ಶಿಕ್ಷಕರಿಲ್ಲ. ಬಾರದಿದ್ದರೆ, ನನ್ನ ಕಷ್ಟಕ್ಕೆ ನಿಂತವಳ ಕಷ್ಟಕ್ಕೆ ನಾನು ನಿಲ್ಲಲಿಲ್ಲ ಎಂಬ ಸಂಕಟ ರಾತ್ರಿಯೆಲ್ಲ ಕಾಡುತ್ತದೆ. ಎರಡು ವಾರಗಳಿಂದ ಅವಳು ಫೋನ್ ಎತ್ತುತ್ತಿಲ್ಲ. ದೇವರು ನಿನ್ನನ್ನು ಪರೀಕ್ಷಿಸುತ್ತಿದ್ದಾನೆ ಎಂದು ಚರ್ಚಿನ ಸಭೆಯವರು ಮೇಲಿಂದ ಮೇಲೆ ಹೇಳಿದ್ದರಿಂದ ಬೇಸತ್ತಿದ್ದಾಳೆ ಎಂದು ಅವಳ ಅತ್ತಿಗೆ ತಿಳಿಸಿದರು. ಕೊನೆಯ ಸಲ ಮಾತನಾಡಿದಾಗ ಅವಳು ಕೇಳಿದ್ದು ಒಂದೇ: ಲಸಿಕೆಯ ಪುಸ್ತಕವನ್ನು ಈಗ ಯಾರು ಬರೆಯುತ್ತಿದ್ದಾರೆ ಎಂದು. ಅದೆಲ್ಲ ನಡೆಯುತ್ತದೆ, ನೀನು ಆರಾಮವಾಗಿರು ಎಂದೆ. ನಾವು ಇಲ್ಲಿಂದ ಏನು ಮಾಡಬಹುದು, ಏನು ಮಾಡಬಾರದು ಎಂಬುದನ್ನು ತಿಳಿದವರು ದಯವಿಟ್ಟು ಹೇಳಿ.

ಉತ್ತರ 1 (ಚಿಕ್ಕಮಗಳೂರಿನ ನಿವೃತ್ತ ನರ್ಸ್)

ತಂಗಿ, ಮನಸ್ಸಿನ ವಿಷಯವನ್ನು ಬೇರೆಯವರು ಹೇಳಲಿ, ನಾನು ಮೊದಲು ಜ್ವರದ ವಿಷಯ ಹೇಳುತ್ತೇನೆ, ಏಕೆಂದರೆ ಅದಕ್ಕೆ ಕಾಯುವ ವ್ಯವಧಾನವಿಲ್ಲ. ಕೀಮೋ ಕೊಟ್ಟ ಏಳನೆಯ ದಿನದಿಂದ ಹದಿನಾಲ್ಕನೆಯ ದಿನದವರೆಗೆ ಸಾಮಾನ್ಯವಾಗಿ ರಕ್ತದ ಬಿಳಿಕಣಗಳು ತೀರ ಇಳಿದಿರುತ್ತವೆ. ಆ ದಿನಗಳಲ್ಲಿ ಮೈಬಿಸಿ 100.4 ಡಿಗ್ರಿ ಮುಟ್ಟಿತೆಂದರೆ ಅದನ್ನು ಸಾಧಾರಣ ಜ್ವರವೆಂದು ತಿಳಿದು ಪ್ಯಾರಾಸಿಟಮಾಲ್ ಕೊಟ್ಟು ಬೆಳಗಾಗಲೆಂದು ಕಾಯುವಂತಿಲ್ಲ. ಆಗಲೇ ಆಸ್ಪತ್ರೆಗೆ ಹೊರಡಬೇಕು, ನರದ ಮೂಲಕ ಆಂಟಿಬಯೋಟಿಕ್ ಬೇಗ ಶುರುವಾಗಬೇಕು. ನಿಮ್ಮ ಗೆಳತಿ ನರ್ಸ್, ಅವರಿಗೆ ಇದು ಗೊತ್ತಿರುತ್ತದೆ. ಆದರೆ ನಡುರಾತ್ರಿ ಜೀಪು ತೆಗೆಯಬೇಕಾದವರು ಅವರ ಅಣ್ಣ; ಅವರಿಗೆ ಗೊತ್ತಿದೆಯೇ ಎಂಬುದೇ ಪ್ರಶ್ನೆ.

ನೀವು ಹೇಳಿದ ಆ ಭಾಗವನ್ನು ನಾನು ಬಲ್ಲೆ. ಮಳೆಗಾಲದಲ್ಲಿ ಕರೆಂಟ್ ಹೋದರೆ ಎರಡು ಮೂರು ದಿನ ಬರುವುದಿಲ್ಲ, ಕರೆಂಟಿನ ಹಿಂದೆಯೇ ನೆಟ್‌ವರ್ಕ್ ಕೂಡ ಹೋಗುತ್ತದೆ, ಕತ್ತಲಾದ ಮೇಲೆ ಆನೆಗಳ ಭಯಕ್ಕೆ ತೋಟದ ರಸ್ತೆಗೆ ಯಾರೂ ಗಾಡಿ ಇಳಿಸುವುದಿಲ್ಲ. ಆದ್ದರಿಂದ ಪ್ರತಿ ಸರದಿಯ ಆ ಒಂದು ವಾರ ಮಾತ್ರವಾದರೂ ಅವರು ಹಾಸನದಲ್ಲಿಯೋ ಚಿಕ್ಕಮಗಳೂರಿನಲ್ಲಿಯೋ, ದೊಡ್ಡ ಆಸ್ಪತ್ರೆಗೆ ಹತ್ತು ನಿಮಿಷದಲ್ಲಿ ತಲುಪುವಂಥ ಮನೆಯಲ್ಲಿರುವುದು ಒಳ್ಳೆಯದು. ಹಾಸನದಲ್ಲಿ ನಿಮ್ಮ ತಾಯಿಯ ಮನೆ ಇದ್ದರೆ ಅಲ್ಲಿ ಒಂದು ಕೋಣೆ ಬಿಡಿಸಿಕೊಡಿ. ಉಗಾಂಡದಲ್ಲಿ ಕುಳಿತು ನೀವು ಮಾಡಬಹುದಾದ ಕೆಲಸಗಳಲ್ಲಿ ಇದರಷ್ಟು ಬೆಲೆಯುಳ್ಳದ್ದು ಬೇರೆ ಇಲ್ಲವೆಂದು ನನ್ನ ಅಭಿಪ್ರಾಯ.

ಇನ್ನೊಂದು ಮಾತು. ಜ್ವರವೆಂದು ಹೋದಾಗ ಎರಡು ವಿಷಯಗಳನ್ನು ಬಾಗಿಲಲ್ಲಿಯೇ ಹೇಳಬೇಕು: ಕೀಮೋ ನಡೆಯುತ್ತಿದೆ ಎಂಬುದು ಒಂದು, ಉಗಾಂಡದಿಂದ ಬಂದವರು ಎಂಬುದು ಇನ್ನೊಂದು. ಮಲೇರಿಯ ಇರುವ ನಾಡನ್ನು ಬಿಟ್ಟು ಬಂದ ತಿಂಗಳುಗಳ ನಂತರವೂ ಅದು ಕಾಣಿಸಿಕೊಳ್ಳಬಹುದು. ಹೇಳದಿದ್ದರೆ ನಮ್ಮ ಕಡೆಯ ವೈದ್ಯರಿಗೆ ಅದು ಹೊಳೆಯದೆ ಹೋಗಬಹುದು. ಅಣ್ಣನವರು ಇದನ್ನು ಒಂದು ಚೀಟಿಯಲ್ಲಿ ಬರೆದು, ಥರ್ಮಾಮೀಟರ್ ಜೊತೆಯಲ್ಲಿ ಇಟ್ಟುಕೊಳ್ಳಲಿ.

ಉತ್ತರ 2 (ಹಾಸನ, ಸಭಾಪಾಲಕರ ಪತ್ನಿ)

ಸಹೋದರಿ, ನಿಮ್ಮ ಗೆಳತಿಗೆ ಕಾಯಿಲೆಯ ನೋವಿಗಿಂತ, ಸೇವೆಯನ್ನು ಅರ್ಧಕ್ಕೆ ಬಿಟ್ಟು ಬಂದೆ ಎಂಬ ನೋವು ಹೆಚ್ಚಾಗಿರಬಹುದು ಎಂದು ನನಗೆ ತೋರುತ್ತದೆ. ಹಿಂತಿರುಗಿ ಬಂದ ಇಬ್ಬರು ಸೇವಕರನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಹೊರಡುವಾಗ ಹಾರ ಹಾಕಿ, ಪ್ರಾರ್ಥನೆ ಮಾಡಿ ಕಳುಹಿಸಿಕೊಟ್ಟ ಸಭೆಗೆ, ಕಾಯಿಲೆಯಿಂದ ಬಂದವರನ್ನು ಹೇಗೆ ಬರಮಾಡಿಕೊಳ್ಳಬೇಕೆಂದು ತಿಳಿಯುವುದಿಲ್ಲ. ತಿಳಿಯದೆ ಪರೀಕ್ಷೆ, ಶೋಧನೆ ಎಂಬ ಮಾತುಗಳನ್ನು ಆಡಿಬಿಡುತ್ತಾರೆ.

ಬೈಬಲಿನಲ್ಲಿ ಒಂದು ಸಂಗತಿಯಿದೆ: ಫಿಲಿಪ್ಪಿ ಪಟ್ಟಣದ ಸಭೆಯವರು ಅಪೊಸ್ತಲನಾದ ಪೌಲನ ಸಹಾಯಕ್ಕೆಂದು ದೂರಕ್ಕೆ ಕಳುಹಿಸಿದ್ದ ಎಪಫ್ರೊದೀತನು ಅಲ್ಲಿ ಕಾಯಿಲೆ ಬಿದ್ದು ಸಾಯುವ ಹಾಗಾಗಿದ್ದನು. ಪೌಲನು ಅವನನ್ನು ಊರಿಗೆ ಕಳುಹಿಸುವಾಗ, ಇವನು ಕೆಲಸ ಬಿಟ್ಟು ಬಂದವನಲ್ಲ, ಕೆಲಸಕ್ಕಾಗಿ ಪ್ರಾಣವನ್ನೇ ಪಣಕ್ಕಿಟ್ಟವನು, ಸಂತೋಷದಿಂದ ಬರಮಾಡಿಕೊಂಡು ಗೌರವಿಸಿ ಎಂಬ ಅರ್ಥದಲ್ಲಿ ತಾನೇ ಬರೆದು ಕಳುಹಿಸಿದನು. ಜೊತೆಯಲ್ಲಿ ದುಡಿದವನು ಬರೆದದ್ದರಿಂದಲೇ ಆ ಮಾತಿಗೆ ತೂಕ ಬಂತು. ಅಂಥ ಒಂದು ಪತ್ರವನ್ನು ನೀವು ಅವರ ಸಭೆಗೆ ಬರೆಯಬೇಕು. ಆರು ವರ್ಷಗಳಲ್ಲಿ ಆಕೆ ಏನೇನು ಮಾಡಿದರು, ಎಷ್ಟು ಹೆರಿಗೆಗಳಿಗೆ ನಿಂತರು, ಯಾವ ಹಳ್ಳಿಗೆ ನಡೆದು ಹೋಗುತ್ತಿದ್ದರು ಎಂಬುದು ಇಲ್ಲಿ ಯಾರಿಗೂ ಗೊತ್ತಿಲ್ಲ. ಹಾಸನಕ್ಕೆ ಬಂದು ಹೆಂಗಸರಿಗಾಗಿ ಆಸ್ಪತ್ರೆ ನಡೆಸಿದ ಇಂಗ್ಲೆಂಡಿನ ಮೆಥೋಡಿಸ್ಟ್ ಮಿಷನರಿಗಳನ್ನು ನಮ್ಮ ಹಿರಿಯರು ಇಂದಿಗೂ ನೆನೆಯುತ್ತಾರೆ. ನಮ್ಮಲ್ಲಿಂದಲೇ ಹೊರಟುಹೋದ ಹೆಣ್ಣುಮಗಳ ಕೆಲಸವನ್ನು ಮಾತ್ರ ನಾವು ಕೇಳುವುದಿಲ್ಲ.

ಹಣದ ವಿಷಯ ಸಂಕ್ಷೇಪವಾಗಿ: ಹೊರದೇಶದಲ್ಲಿದ್ದುದರಿಂದ ಅಣ್ಣನ ರೇಷನ್ ಕಾರ್ಡಿನಿಂದ ಅವರ ಹೆಸರು ಹೋಗಿದೆಯೇ ನೋಡಿಸಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದ ನೆರವಿಗೆ ಆ ಕಾರ್ಡು ಮುಖ್ಯ.

ಉತ್ತರ 3 (ಸಕಲೇಶಪುರ, ಚಿಕಿತ್ಸೆ ಮುಗಿಸಿದವರು)

ನಾಲ್ಕು ವರ್ಷಗಳ ಹಿಂದೆ ನನಗೂ ಇದೇ ಕಾಯಿಲೆ ಬಂದು, ಇದೇ ಚಿಕಿತ್ಸೆ ಆಗಿತ್ತು. ಆದ್ದರಿಂದ ರೋಗಿಯ ಕಡೆಯಿಂದ ಎರಡು ಮಾತು.

ಫೋನ್ ಎತ್ತದಿರುವುದನ್ನು ಮುನಿಸು ಎಂದು ತಿಳಿಯಬೇಡಿ. ಕೀಮೋ ಆದ ಮೊದಲ ನಾಲ್ಕು ದಿನ ನನಗೆ ಬಾಯೆಲ್ಲ ತಾಮ್ರದ ಕಾಸು ಇಟ್ಟುಕೊಂಡಂತೆ ಇರುತ್ತಿತ್ತು, ಒಗ್ಗರಣೆಯ ವಾಸನೆಗೆ ಹೊಟ್ಟೆ ತೊಳೆಸುತ್ತಿತ್ತು, ಗಂಜಿಯ ತಿಳಿ ಬಿಟ್ಟು ಬೇರೇನೂ ಇಳಿಯುತ್ತಿರಲಿಲ್ಲ. ಆ ಸ್ಥಿತಿಯಲ್ಲಿ ಹೇಗಿದ್ದೀಯ ಎಂದು ಯಾರಾದರೂ ಕೇಳಿದರೆ, ಕೇಳಿದವರ ಸಮಾಧಾನಕ್ಕಾಗಿ ಚೆನ್ನಾಗಿದ್ದೇನೆ ಎನ್ನಬೇಕಾಗುತ್ತಿತ್ತು, ಅದರಷ್ಟು ಆಯಾಸ ಬೇರಾವುದೂ ಇರಲಿಲ್ಲ. ಉತ್ತರ ಬೇಡದಂಥದ್ದನ್ನು ಕಳುಹಿಸಿ. ನಿಮ್ಮಲ್ಲಿ ನಮಗಿಂತ ಎರಡೂವರೆ ಗಂಟೆ ಹಿಂದೆ. ಸಂಜೆ ನಾಲ್ಕಕ್ಕೆ ನೀವು ಶಾಲೆ ಬಿಟ್ಟು ಬರುವಾಗ ಇಲ್ಲಿ ಆರೂವರೆ, ದೀಪ ಹಚ್ಚುವ ಹೊತ್ತು. ರೋಗಿಗೆ ಅತಿ ಭಾರವಾದ ಹೊತ್ತು ಅದೇ. ಆಗ ಎರಡು ನಿಮಿಷದ ಧ್ವನಿ ಸಂದೇಶ ಕಳುಹಿಸಿ: ಮಕ್ಕಳ ಗಲಾಟೆ, ನಿಮ್ಮ ಮಗಳ ಮಾತು, ಅಲ್ಲಿಯ ಮಳೆಯ ಸದ್ದು.

ಇನ್ನು ಲಸಿಕೆಯ ಪುಸ್ತಕ. ಕ್ಷಮಿಸಿ, ಅಲ್ಲಿ ನೀವು ತಪ್ಪಿದಿರಿ ಎಂದು ನನಗನ್ನಿಸುತ್ತದೆ. ನೀನು ಆರಾಮವಾಗಿರು ಎಂಬ ಮಾತನ್ನು ನನಗೆ ಎಲ್ಲರೂ ಹೇಳಿದರು. ತೋಟದ ಲೆಕ್ಕವನ್ನು ನನ್ನ ಕೈಯಿಂದ ತೆಗೆದುಕೊಂಡರು, ನನ್ನ ಮೇಲಿನ ಪ್ರೀತಿಯಿಂದಲೇ ತೆಗೆದುಕೊಂಡರು. ಅಂದಿನಿಂದ ಆ ಮನೆಯಲ್ಲಿ ನಾನು ಬರೀ ರೋಗಿಯಾದೆ. ಅವರು ಕೇಳಿದ್ದು ಪುಸ್ತಕವನ್ನು, ಪುಸ್ತಕವನ್ನೇ ಕೊಡಿ. ಪ್ರತಿ ಗುರುವಾರ ಪುಟದ ಫೋಟೊ ಕಳುಹಿಸಿ, ಕ್ಲಿನಿಕ್ಕಿನ ಹೊಸ ಹುಡುಗಿಗೆ ಬಂದ ಸಂಶಯಗಳನ್ನು ಅವರಿಗೇ ಬರೆದು ಕೇಳಿ. ಉತ್ತರ ಬಂದರೆ ಬರಲಿ, ಬಾರದಿದ್ದರೆ ಒತ್ತಾಯಿಸಬೇಡಿ.

ಉತ್ತರ 4 (ಬೇಲೂರು, ಹಿಂದೆ ಪೂರ್ವ ಆಫ್ರಿಕದಲ್ಲಿ ಸೇವೆ ಮಾಡಿದವರು)

ಮೇಲಿನವರ ಮಾತುಗಳೆಲ್ಲ ಸರಿ, ಆದರೆ ಒಮ್ಮೆ ಬಂದು ಹೋಗಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಪೂರ್ತಿ ಬಿಟ್ಟು ಬರುವುದು ಬೇಡ. ಶಾಲೆಯ ರಜೆಯಲ್ಲಿ ಹದಿನೈದು ದಿನ ಸಾಕು. ಯಾವ ದಿನಗಳು ಎಂಬುದನ್ನು ಅವರನ್ನೇ ಕೇಳಿ. ಕೀಮೋ ಮುಗಿದ ಮೇಲೆ, ನೋಡಲು ಬರುವವರೆಲ್ಲ ನಿಂತುಹೋದ ಮೇಲೆ ಬರುವುದು ಎಷ್ಟೋ ಸಲ ಹೆಚ್ಚು ಉಪಯೋಗ. ನನ್ನ ಜೊತೆಗಾರ ಕಾಯಿಲೆ ಬಿದ್ದಾಗ ನಾನು ಅವಧಿ ಮುಗಿಯಲಿ ಎಂದು ಕಾದೆ. ನಾನು ಬರುವ ಹೊತ್ತಿಗೆ ಅವನಿರಲಿಲ್ಲ.

ಟಿಕೆಟ್ ತೆಗೆಯುವ ಮೊದಲು ಮೂವರ ಹಳದಿ ಜ್ವರದ ಲಸಿಕೆ ಕಾರ್ಡುಗಳನ್ನೂ ತೆಗೆದು ನೋಡಿ. ನಿಮ್ಮಿಬ್ಬರ ಕಾರ್ಡು ಹೊರಡುವಾಗಲೇ ಆಗಿರುತ್ತದೆ, 2016ರ ನಿಯಮದಂತೆ ಅದು ಜೀವನಪೂರ್ತಿ ನಡೆಯುತ್ತದೆ. ಅಲ್ಲಿಯೇ ಹುಟ್ಟಿದ ಮಗುವಿನದು ಮರೆತುಹೋಗಿರುತ್ತದೆ. ಲಸಿಕೆ ಹಾಕಿಸಿ ಹತ್ತು ದಿನ ಕಳೆಯದೆ ಕಾರ್ಡು ಊರ್ಜಿತವಲ್ಲ, ಕಾರ್ಡಿಲ್ಲದೆ ಉಗಾಂಡದಿಂದ ಬಂದಿಳಿದವರನ್ನು ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಹದಿನೈದರಲ್ಲಿ ಆರು ದಿನ ಹಾಗೆ ಹೋದರೆ ಏನು ಉಳಿಯಿತು? ವಿಮಾನ ಇಳಿದ ಮೇಲೆ ಮಗುವಿಗೆ ನೆಗಡಿ, ಕೆಮ್ಮು ಇದ್ದರೆ ಅದು ವಾಸಿಯಾಗುವವರೆಗೆ ಗೆಳತಿಯ ಬಳಿ ಕರೆದೊಯ್ಯಬೇಡಿ.

ಪ್ರಶ್ನೆ ಕೇಳಿದವರಿಂದ

ನಿಮ್ಮೆಲ್ಲರ ಉತ್ತರಗಳನ್ನು ಯಜಮಾನರಿಗೆ ಓದಿ ಹೇಳಿದೆ. ಅಮ್ಮನೊಂದಿಗೆ ಮಾತಾಡಿದ್ದೇನೆ, ಹಾಸನದ ಮನೆಯ ಮುಂದಿನ ಕೋಣೆಯನ್ನು ಖಾಲಿ ಮಾಡಿಸುತ್ತಿದ್ದಾರೆ. ಚೀಟಿಯ ವಿಷಯವನ್ನು ಅಣ್ಣನವರಿಗೆ ಹೇಳಿದಾಗ, 100.4 ಎಂಬ ಸಂಖ್ಯೆಯನ್ನು ಅವರು ಎರಡು ಸಲ ಕೇಳಿ ಬರೆದುಕೊಂಡರು. ಮಗಳ ಕಾರ್ಡು ನಿಜಕ್ಕೂ ಆಗಿರಲಿಲ್ಲ. ಡಿಸೆಂಬರ್ ರಜೆಗೆ ಬರುವ ಯೋಚನೆಯಿದೆ, ಅವಳನ್ನು ಕೇಳಿದ ಮೇಲೆ ನಿಶ್ಚಯಿಸುತ್ತೇವೆ. ಸಭೆಗೆ ಬರೆಯಬೇಕಾದ ಪತ್ರ ಮೂರು ಪುಟವಾಗಿದೆ, ಇನ್ನೂ ಮುಗಿದಿಲ್ಲ.

ನಿನ್ನೆ ಗುರುವಾರ. ಸಂಜೆ ಲಸಿಕೆಯ ಪುಸ್ತಕದ ಪುಟದ ಫೋಟೊ ತೆಗೆದು, ಬೇರೇನೂ ಬರೆಯದೆ ಕಳುಹಿಸಿದೆ. ಅರ್ಧ ಗಂಟೆಯೊಳಗೆ ಅವಳಿಂದ ಉತ್ತರ ಬಂತು, ಎರಡು ವಾರಗಳಲ್ಲಿ ಮೊದಲನೆಯದು. ನಾಲ್ಕನೆಯ ಸಾಲಿನ ಮಗುವಿಗೆ ಎರಡನೆಯ ಪೋಲಿಯೊ ಹನಿ ಬಿಟ್ಟುಹೋಗಿದೆ, ಅದರ ತಾಯಿ ಶನಿವಾರದ ಸಂತೆಗೆ ಟೊಮೆಟೊ ಮಾರಲು ಬರುತ್ತಾಳೆ, ಬಾವಿಯ ಪಕ್ಕದಲ್ಲಿ ಕೂರುತ್ತಾಳೆ, ಅಲ್ಲಿಯೇ ಹೋಗಿ ಹಿಡಿಯಿರಿ ಎಂದು ಬರೆದಿದ್ದಾಳೆ. ನಾಳೆ ಸಂತೆಗೆ ಹೋಗುತ್ತೇನೆ.