‘ಗ್ರೌಂಡ್’, ‘ಅರ್ಥ್’, ‘ಭೂಸಂಪರ್ಕ’: ಮೂರೂ ಒಂದೇ ಹಾಳೆಯಲ್ಲಿ ಬಂದಾಗ

ಬಲ್ಲವರಿಗೆ ನಮಸ್ಕಾರ.

ಶಿವಮೊಗ್ಗದ ಡಿಪ್ಲೊಮಾ ವಿದ್ಯಾರ್ಥಿಗಳಿಗಾಗಿ ಕನ್ನಡದಲ್ಲಿ ಪ್ರಯೋಗದ ಕೈಪಿಡಿಯೊಂದನ್ನು ಸಿದ್ಧಪಡಿಸುತ್ತಿದ್ದೇನೆ. ಅಡಿಕೆ ಸುಲಿಯುವ ಯಂತ್ರದ ಚೌಕಟ್ಟಿಗೆ ಎಡಿಎಕ್ಸ್‌ಎಲ್345 ಎಂಬ ವೇಗೋತ್ಕರ್ಷ ಮಾಪಕದ (ಆಕ್ಸಿಲರೊಮೀಟರ್) ಪುಟ್ಟ ಬೋರ್ಡನ್ನು ಬಿಗಿದು, ಬೆಲ್ಟ್ ಸಡಿಲವಾದಾಗ ಇಲ್ಲವೇ ಪುಲ್ಲಿ ಓರೆಯಾದಾಗ ಯಂತ್ರದ ಕಂಪನ ಹೇಗೆ ಬದಲಾಗುತ್ತದೆ ಎಂಬುದನ್ನು ಅಳೆಯುವುದು ಅದರ ಉದ್ದೇಶ. ಕೆಲವು ಪದಗಳ ವಿಷಯದಲ್ಲಿ ತಮ್ಮ ಅಭಿಪ್ರಾಯ ಬೇಕಾಗಿದೆ. ಅವುಗಳಲ್ಲಿ ಮೊದಲನೆಯದು ಬರೀ ಭಾಷೆಯ ಪ್ರಶ್ನೆಯಲ್ಲ, ಸುರಕ್ಷತೆಯ ಪ್ರಶ್ನೆಯೂ ಹೌದು.

ಬೋರ್ಡಿನ ಮೇಲೆ ‘ಜಿಎನ್‌ಡಿ’ ಎಂದು ಅಚ್ಚಾಗಿರುವ ಗ್ರೌಂಡ್ ಪಿನ್ನನ್ನು ಕನ್ನಡದ ಪಾಠಗಳಲ್ಲಿ ‘ಭೂಸಂಪರ್ಕ’ ಎಂದು ಬರೆಯುವುದುಂಟು. ಮೇಜಿನ ಮೇಲಿನ ಪ್ರಯೋಗಕ್ಕೆ ಅದರಿಂದ ಹಾನಿಯಿಲ್ಲ. ಆದರೆ ನಮ್ಮ ಹಾಳೆಯಲ್ಲಿ ‘ಯಂತ್ರದ ಕಬ್ಬಿಣದ ಮೈಗೆ ಭೂಸಂಪರ್ಕ ಇರಲೇಬೇಕು’ ಎಂಬ ಎಚ್ಚರಿಕೆಯೂ ಬರುತ್ತದೆ. ಆ ಭೂಸಂಪರ್ಕವು ಪ್ಲಗ್ಗಿನ ಮೇಲ್ಭಾಗದ ದಪ್ಪ ಪಿನ್ನಿನಿಂದ ಹೊರಟು, ಇದ್ದಿಲು ಮತ್ತು ಉಪ್ಪು ಹಾಕಿ ಮುಚ್ಚಿದ ಗುಂಡಿಯೊಳಗಿನ ಕೊಳವೆಯವರೆಗೆ ಹೋಗುವ ತಂತಿ; ಮೋಟಾರಿನಲ್ಲಿ ಸೋರಿಕೆಯಾದ ವಿದ್ಯುತ್ತನ್ನು ಮಣ್ಣಿಗೆ ಇಳಿಸುವುದು ಅದರ ಕೆಲಸ. ಬೋರ್ಡಿನ ಜಿಎನ್‌ಡಿಗಾದರೋ ಮಣ್ಣಿನೊಡನೆ ಯಾವ ನಂಟೂ ಬೇಕಿಲ್ಲ. ಉಳಿದ ವೋಲ್ಟೇಜುಗಳನ್ನು ಎಲ್ಲಿಂದ ಎಣಿಸುತ್ತೇವೆಯೋ ಆ ಸೊನ್ನೆ ಅದು. ಮಾಪಕವನ್ನು ಓದುವ ಪುಟ್ಟ ಗಣಕವಾದ ಮೈಕ್ರೊಕಂಟ್ರೋಲರಿನ ಸೊನ್ನೆಯೂ ಮಾಪಕದ ಸೊನ್ನೆಯೂ ಒಂದೇ ಆಗಿರಬೇಕು, ಅಷ್ಟೇ. ಎರಡು ಕಡೆಯೂ ಒಂದೇ ಪದವನ್ನು ಓದಿದ ವಿದ್ಯಾರ್ಥಿಯು ಬೋರ್ಡಿನ ತಂತಿಯನ್ನು ಯಂತ್ರದ ಮೈಗೆ ಬಿಗಿದರೆ ಅದು ಹಾಳೆಯ ತಪ್ಪೇ ಹೊರತು ಅವನದಲ್ಲ. ಅರ್ಥಿಂಗ್ ಕೆಟ್ಟಿರುವ ಯಂತ್ರದಲ್ಲಿ ಸೋರಿಕೆಯಿದ್ದರೆ ಆ ತಂತಿಯ ಮೂಲಕ ವಿದ್ಯುತ್ತು ಲ್ಯಾಪ್‌ಟಾಪಿನವರೆಗೂ, ಅದನ್ನು ಮುಟ್ಟಿದವರವರೆಗೂ ಬರಬಹುದು.

ಆಡುಮಾತಿನತ್ತ ತಿರುಗಿದರೆ ಗೊಂದಲ ಕಡಿಮೆಯಾಗುವುದಿಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿಯ ಕಡೆ ಮನೆಯ ವೈರಿಂಗ್ ಮಾಡುವವರು ‘ಅರ್ಥ್’ ಎಂದರೆ ಗುಂಡಿಗೆ ಹೋಗುವ ತಂತಿ. ಜೀಪು ರಿಪೇರಿ ಮಾಡುವವರ ‘ಬಾಡಿ ಅರ್ಥ್’ ಎಂದರೆ ಬ್ಯಾಟರಿಯ ಮೈನಸ್ಸನ್ನು ಸೇರಿಸಿದ ವಾಹನದ ಮೈ. ರಬ್ಬರ್ ಚಕ್ರದ ಮೇಲೆ ನಿಂತ ಜೀಪಿಗೆ ಭೂಮಿಯ ಸಂಪರ್ಕವೆಲ್ಲಿಂದ ಬರಬೇಕು? ಹೀಗೆ ‘ಅರ್ಥ್’ ಪದವೇ ಎರಡು ಅರ್ಥಗಳನ್ನು ಹೊತ್ತಿದೆ. (‘ಅರ್ಥ್‌ಗೆ ಎರಡು ಅರ್ಥ’ ಎಂದು ಕೈಪಿಡಿಯಲ್ಲಿ ಬರೆಯುವ ಆಸೆಯನ್ನು ತಡೆದುಕೊಂಡಿದ್ದೇನೆ.)

ನನ್ನ ಒಲವು ಹೀಗಿದೆ: ಗುಂಡಿಗೆ ಹೋಗುವುದಕ್ಕೆ ಮಾತ್ರ ‘ಅರ್ಥ್’ ಅಥವಾ ‘ಭೂಸಂಪರ್ಕ’, ಬೋರ್ಡಿನದಕ್ಕೆ ‘ಗ್ರೌಂಡ್’ ಎಂದೇ ಉಳಿಸಿ, ಮೊದಲ ಸಲ ಬಂದಾಗ ‘ಸೊನ್ನೆ ನೆಲೆ’ ಎಂದು ವಿವರಿಸುವುದು. ‘ಸೊನ್ನೆ ತಂತಿ’ ಎಂದರೆ ಮನೆಯ ನ್ಯೂಟ್ರಲ್ ನೆನಪಾಗುವ ಅಪಾಯವಿದೆ. ‘ಮೈನಸ್’ ಎಲ್ಲರಿಗೂ ತಿಳಿಯುವ ಪದ ಮತ್ತು ಈ ಬೋರ್ಡಿನ ಮಟ್ಟಿಗೆ ಸರಿಯೂ ಹೌದು. ಆದರೆ ಮುಂದೆ ಪ್ಲಸ್ 12, ಮೈನಸ್ 12 ವೋಲ್ಟ್ ಎರಡೂ ಇರುವ ಸರ್ಕಿಟ್ ಎದುರಾದಾಗ ಗ್ರೌಂಡ್ ಅವೆರಡರ ನಡುವೆ ನಿಲ್ಲುವುದರಿಂದ, ಕಲಿತದ್ದನ್ನು ಮರೆಸಬೇಕಾಗುತ್ತದೆ.

ಎರಡನೆಯದು ‘ವೇಗೋತ್ಕರ್ಷ’. ಪಠ್ಯಪುಸ್ತಕದಲ್ಲಿ ನೆಲೆಗೊಂಡ ಪದವಾದ್ದರಿಂದ ಬದಲಿಸುವ ಇಚ್ಛೆಯಿಲ್ಲ. ಆದರೂ ಮೇಜಿನ ಮೇಲೆ ಸುಮ್ಮನೆ ಮಲಗಿರುವ ಬೋರ್ಡು, 2 ಜಿ ವ್ಯಾಪ್ತಿಯಲ್ಲಿ (ಜಿ ಎಂದರೆ ಭೂಮಿಯ ಗುರುತ್ವದ ವೇಗೋತ್ಕರ್ಷ), ಲಂಬ ಅಕ್ಷದ ಮೇಲೆ 256ರ ಆಸುಪಾಸಿನ ಸಂಖ್ಯೆಯನ್ನು, ಅಂದರೆ 1 ಜಿ ಎಂದು ತೋರಿಸುತ್ತದೆ. ವೇಗವೇ ಇಲ್ಲದಲ್ಲಿ ಅದರ ಉತ್ಕರ್ಷವೆಲ್ಲಿ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಚಿಪ್ಪಿನೊಳಗೆ ಸಿಲಿಕಾನಿನ ಸ್ಪ್ರಿಂಗುಗಳ ಮೇಲೆ ನಿಂತ ಸೂಕ್ಷ್ಮ ತುಣುಕೊಂದಿದೆ. ಅದು ಎಷ್ಟು ಸರಿದಿದೆ ಎಂಬುದನ್ನಷ್ಟೇ ಮಾಪಕ ಬಲ್ಲದು. ಮೇಜು ಬೋರ್ಡನ್ನು ಮೇಲಕ್ಕೆ ಒತ್ತಿ ಹಿಡಿದಿರುವಾಗಲೂ ಆ ತುಣುಕು ಸರಿದೇ ಇರುತ್ತದೆ. ಕೈಬಿಟ್ಟ ಬೋರ್ಡು ಬೀಳುತ್ತಿರುವಾಗ ಮಾತ್ರ, ನಮ್ಮ ಕಣ್ಣಿಗೆ ವೇಗ ಏರುತ್ತಿದ್ದರೂ, ಅಳತೆ ಸೊನ್ನೆಯ ಹತ್ತಿರ ಬರುತ್ತದೆ. ಆದ್ದರಿಂದ ಉಪಕರಣಕ್ಕೆ ‘ವೇಗೋತ್ಕರ್ಷ ಮಾಪಕ’ ಎಂಬ ಹೆಸರನ್ನೇ ಇಟ್ಟು, ಕೋಷ್ಟಕದ ತಲೆಬರಹದಲ್ಲಿ ‘ವೇಗೋತ್ಕರ್ಷ’ ಎನ್ನುವ ಬದಲು ‘ಮಾಪಕದ ಅಳತೆ, ಜಿ ಮಾನದಲ್ಲಿ’ ಎಂದು ಬರೆಯುವುದು ಲೇಸೆಂದು ತೋರುತ್ತದೆ. ಭೌತಶಾಸ್ತ್ರದ ಅಧ್ಯಾಪಕರು ಇದನ್ನು ಒಪ್ಪುವರೇ?

ಉಳಿದವು ಸಣ್ಣವು. ಮೈಕ್ರೊಕಂಟ್ರೋಲರು ಮಾಪಕವನ್ನು ಗುರುತಿಸುವ ಸಂಖ್ಯೆಗೆ, ಅಂದರೆ ‘ಅಡ್ರೆಸ್’ಗೆ, ‘ವಿಳಾಸ’ ಚೆನ್ನಾಗಿ ಹೊಂದುತ್ತದೆ. ಚಿಪ್ಪಿನೊಳಗೆ ಸಂಖ್ಯೆಯನ್ನು ಇಡುವ ಪುಟ್ಟ ಕೋಶಕ್ಕೆ ‘ರಿಜಿಸ್ಟರ್’ ಎಂಬ ಹೆಸರು ಹಾಗೆಯೇ ಇರಲಿ. ‘ದಾಖಲೆ’ ಎಂದರೆ ಕಂದಾಯ ಇಲಾಖೆ ನೆನಪಾಗುತ್ತದೆ. ಸೆಕೆಂಡಿಗೆ 100 ಬಾರಿ ಅಳೆಯುವುದನ್ನು ‘ಅಳತೆಯ ವೇಗ’ ಎನ್ನದೆ ‘ಅಳತೆಯ ದರ’ ಎಂದರೆ, ಭೌತಶಾಸ್ತ್ರದ ‘ವೇಗ’ದೊಡನೆ ಅದು ಕಲೆಯುವುದಿಲ್ಲ. ಮಿನಿಟಿಗೆ ಸುಮಾರು 1440 ಸುತ್ತು ತಿರುಗುವ ಮೋಟಾರಿನ ಕಂಪನ ಸೆಕೆಂಡಿಗೆ 24 ಬಾರಿಯಾದ್ದರಿಂದ, ಅದನ್ನು ಹಿಡಿಯಲು ಆ ದರ ಸಾಕು.

ಜೋಡಣೆಯ ಭಾಗದ ಕರಡು ಸದ್ಯ ಹೀಗಿದೆ. ತಿದ್ದುಪಡಿಗಳನ್ನು ಈ ವಾಕ್ಯಗಳ ಮೇಲೆಯೇ ಸೂಚಿಸಿದರೆ ನನಗೆ ಅನುಕೂಲ.

“ವಿಸಿಸಿ ಪಿನ್ನಿಗೆ 3.3 ವೋಲ್ಟ್ ಕೊಡಿ. ಈ ಚಿಪ್ಪಿಗೆ ಕೊಡಬಹುದಾದದ್ದು 2ರಿಂದ 3.6 ವೋಲ್ಟ್ ಮಾತ್ರ. ಗ್ರೌಂಡನ್ನು, ಅಂದರೆ ಸೊನ್ನೆ ನೆಲೆಯನ್ನು, ಮೈಕ್ರೊಕಂಟ್ರೋಲರಿನ ಗ್ರೌಂಡಿಗೆ ಸೇರಿಸಿ. ಯಂತ್ರದ ಅರ್ಥ್ ತಂತಿಗೂ ಮೈಗೂ ಸೇರಿಸಬೇಡಿ. ಬೋರ್ಡನ್ನು ಪ್ಲಾಸ್ಟಿಕ್ ಬಿಲ್ಲೆಗಳ ಮೇಲೆ ಅಲುಗದಂತೆ ಬಿಗಿಯಿರಿ; ರಬ್ಬರ್ ಅಥವಾ ಸ್ಪಂಜು ಬೇಡ, ಅವು ಕಂಪನವನ್ನು ನುಂಗುತ್ತವೆ. ಎಸ್‌ಡಿಎ, ಎಸ್‌ಸಿಎಲ್ ಪಿನ್ನುಗಳನ್ನು ಅದೇ ಹೆಸರಿನ ಪಿನ್ನುಗಳಿಗೆ ಜೋಡಿಸಿ. ಸಿಎಸ್ ಪಿನ್ನನ್ನು 3.3 ವೋಲ್ಟಿಗೂ ಎಸ್‌ಡಿಒ ಪಿನ್ನನ್ನು ಗ್ರೌಂಡಿಗೂ ಸೇರಿಸಿದರೆ ಮಾಪಕದ ವಿಳಾಸ ಹೆಕ್ಸ್ 53 (ಹೆಕ್ಸ್ ಎಂದರೆ ಹದಿನಾರರ ಎಣಿಕೆಯಲ್ಲಿ ಬರೆದ ಸಂಖ್ಯೆ). ರಿಜಿಸ್ಟರ್ ಹೆಕ್ಸ್ 00 ಅನ್ನು ಓದಿದಾಗ ಹೆಕ್ಸ್ ಇ5 ಬಂದರೆ ಮಾಪಕ ಉತ್ತರಿಸುತ್ತಿದೆ ಎಂದು ತಿಳಿಯಿರಿ. ರಿಜಿಸ್ಟರ್ ಹೆಕ್ಸ್ 31ಕ್ಕೆ ಹೆಕ್ಸ್ 0ಬಿ ಬರೆದರೆ ವ್ಯಾಪ್ತಿ 16 ಜಿ ಆಗುತ್ತದೆ, ಆಗ 1 ಜಿಗೆ ಸುಮಾರು 256 ಎಂಬ ಲೆಕ್ಕ ಹಾಗೆಯೇ ಉಳಿಯುತ್ತದೆ. ಕೊನೆಗೆ ರಿಜಿಸ್ಟರ್ ಹೆಕ್ಸ್ 2ಡಿಗೆ ಹೆಕ್ಸ್ 08 ಬರೆಯಿರಿ. ಅಲ್ಲಿಯವರೆಗೆ ಚಿಪ್ಪು ಅಳೆಯಲು ತೊಡಗುವುದಿಲ್ಲ.”