ಸಹಾಯ ಬೇಕು: ಗಿಡದ ಪ್ರೋಟೀನ್‌ನಿಂದ ಸಕ್ಕರೆ ಸರಪಳಿ ಬಿಡ್ತಾನೇ ಇಲ್ಲ

ಅರಬಿಡಾಪ್ಸಿಸ್ (ಲ್ಯಾಬ್‌ಗಳಲ್ಲಿ ಬಳಸುವ ಪುಟ್ಟ ಗಿಡ) ಎಲೆಯ ಪ್ರೋಟೀನ್‌ಗಳಿಗೆ ಅಂಟಿರುವ ಸಕ್ಕರೆ ಸರಪಳಿಗಳನ್ನು ನೋಡುತ್ತಿದ್ದೇನೆ. ಒಂದು ಮಾಮೂಲಿ ಗಿಡ, ಇನ್ನೊಂದು ಸಿಜಿಎಲ್1 ಮ್ಯೂಟೆಂಟ್, ಅಂದರೆ ಆ ಹೆಸರಿನ ಜೀನ್ ಕೆಟ್ಟಿರುವ ಗಿಡ. ಮ್ಯೂಟೆಂಟ್‌ನಲ್ಲಿ ಸರಪಳಿ 5 ಮ್ಯಾನೋಸ್ ಸಕ್ಕರೆಗೇ ನಿಂತುಬಿಡುತ್ತದೆ, ಅಲ್ವಾ? ಇಂಥ ಸರಪಳಿ ಕತ್ತರಿಸುವ ಎಂಡೋ ಎಚ್ ಕಿಣ್ವ ಹಾಕಿದ ತಕ್ಷಣ ಜೆಲ್‌ನಲ್ಲಿ ಆ ಪ್ರೋಟೀನ್‌ನ ಬ್ಯಾಂಡ್ (ಗೆರೆ) ನೀಟಾಗಿ ಕೆಳಗಿಳಿಯಿತು, ಅಂದರೆ ಸರಪಳಿ ಬಿಟ್ಟಿತು.

ತೊಂದರೆ ಇರುವುದು ಮಾಮೂಲಿ ಗಿಡದಲ್ಲೇ. ಸರಪಳಿಯನ್ನು ಬುಡದಿಂದಲೇ ಕತ್ತರಿಸುವ ಪಿಎನ್‌ಗೇಸ್ ಎಫ್ ಕಿಣ್ವ ಹಾಕಿ ರಾತ್ರಿಯಿಡೀ 37 ಡಿಗ್ರಿಯಲ್ಲಿಟ್ಟೆ, ಬ್ಯಾಂಡ್ ಅಲ್ಲಾಡಲಿಲ್ಲ. ಬುಡದ ಸಕ್ಕರೆಗೆ 1,3 ಕೊಂಡಿಯಲ್ಲಿ ಫ್ಯೂಕೋಸ್ ಎಂಬ ಇನ್ನೊಂದು ಸಕ್ಕರೆ ಕೂತಿದ್ದರೆ ಈ ಕಿಣ್ವ ಕತ್ತರಿಸುವುದಿಲ್ಲ ಎಂದು ಆಮೇಲೆ ಗೊತ್ತಾಯಿತು. ಸುಮ್ನೆ ಎರಡು ವಾರ ಹೋಯಿತು! ಆಮೇಲೆ ಪ್ರೋಟೀನ್ ಕುದಿಸಿ, ಪಿಎಚ್ 5ಕ್ಕೆ ತಂದು, ಆ ಫ್ಯೂಕೋಸ್ ಇದ್ದರೂ ಕತ್ತರಿಸುವ ಪಿಎನ್‌ಗೇಸ್ ಎ ಕಿಣ್ವ ಹಾಕಿದೆ. ಆದರೂ ಸರಪಳಿಯ ಫ್ಯೂಕೋಸ್, ಝೈಲೋಸ್ ಸಕ್ಕರೆಗಳನ್ನು ಹಿಡಿಯುವ ಆಂಟಿಬಾಡಿ ಮೊದಲಿನಷ್ಟೇ ಗಾಢವಾಗಿ ತೋರಿಸುತ್ತಿದೆ, ಅಂದರೆ ಸರಪಳಿ ಇನ್ನೂ ಬಿಟ್ಟಿಲ್ಲ.

ಈ ಕಿಣ್ವಕ್ಕೆ ಸುಲಭವಾಗಲೆಂದು ಪ್ರೋಟೀನನ್ನು ಮೊದಲೇ ಟ್ರಿಪ್ಸಿನ್‌ನಿಂದ (ಪ್ರೋಟೀನ್ ಕತ್ತರಿಸುವ ಕಿಣ್ವ) ತುಂಡು ಮಾಡಬಹುದು, ಆದರೆ ಆಗ ಜೆಲ್‌ನಲ್ಲಿ ನೋಡಲು ಬ್ಯಾಂಡೇ ಉಳಿಯುವುದಿಲ್ಲ. ಇಡೀ ಪ್ರೋಟೀನ್ ಮೇಲೆ ಪಿಎನ್‌ಗೇಸ್ ಎ ಕೆಲಸ ಮಾಡಿಸಿದವರು ಯಾರಾದರೂ ಇದ್ದೀರಾ? ಹೇಗೆ ಮಾಡಿದಿರಿ?